ಅರ್ಥಶಾಸ್ತ್ರದ ಪ್ರಥಮ ಪಾಠ

ಕಿರಿಯರಿಂದ ಹಿರಿಯರಿಗೆ ವಿದ್ಯೆ ಬರುವುದುಂಟೆಂಬುದನ್ನು ನಾವು ಪುರಾಣಗಳಲ್ಲಿ ಓದಿದ್ದೆವೇ ಹೊರತು ಸ್ವಾನುಭವದಿಂದ ಅರಿತಿರಲಿಲ್ಲ. ಮೂವತ್ತೆರಡು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪಾಠ ಹೇಳಿ, ೨೦೨೩ನೆಯ ಇಸವಿಯ ಮೇ ತಿಂಗಳಿನಲ್ಲಿ ನಿವೃತ್ತರಾಗಿ, ಇನ್ನು ಕಲಿಯತಕ್ಕದ್ದು ಹೆಚ್ಚೇನೂ ಉಳಿದಿಲ್ಲವೆಂಬ ಸಮಾಧಾನದಿಂದ ಜಗುಲಿಯ ಮೇಲೆ ಕುಳಿತಿದ್ದ ನಮಗೆ, ಅದೇ ವರ್ಷ ತಮ್ಮನ ಮಗಳು ಗುರುವಾದಳು. ಆಕೆ ಕಲಿಸಿದ ವಿಷಯವಾದರೋ, ಹೆಸರು ಕೇಳಿದೊಡನೆಯೇ ನಾವು ಮೂಗು ಮುರಿಯುತ್ತಿದ್ದ ಸೂಕ್ಷ್ಮ ಅರ್ಥಶಾಸ್ತ್ರ. ಮಕ್ಕಳನ್ನು ಕಾಲೇಜಿಗೆ ಕಳುಹಿಸುತ್ತಿರುವ ಗೃಹಸ್ಥರಿಗೆ ಈ ವೃತ್ತಾಂತದಿಂದ ಏನಾದರೂ ಪ್ರಯೋಜನವಾದೀತೆಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಹಿರಿಯರ ಊರು ಕೋಲಾರದ ಸೀಮೆಯ ಒಂದು ಹಳ್ಳಿ. ತಮ್ಮನು ಅಲ್ಲಿಯೇ ಬೇಸಾಯ ಮಾಡಿಕೊಂಡಿರುವನು; ನಾವು ಉದ್ಯೋಗ ನಿಮಿತ್ತವಾಗಿ ಪಟ್ಟಣ ಸೇರಿದವರು. ಅವನ ಮಗಳು ನಮ್ಮ ಮನೆಯಲ್ಲಿಯೇ ಇದ್ದುಕೊಂಡು ಸರ್ಕಾರಿ ಕಾಲೇಜಿನಲ್ಲಿ ಬಿ. ಎ. ತರಗತಿಗೆ ಸೇರಿದಳು. ಸಂಸ್ಕೃತವನ್ನು ತೆಗೆದುಕೊಳ್ಳುವಳೆಂದು ನಾವು ಆಸೆಪಟ್ಟಿದ್ದೆವು. ಆಕೆಯೋ ಅರ್ಥಶಾಸ್ತ್ರವನ್ನು ಆರಿಸಿಕೊಂಡಳು. ಸೇರಿದ ಎರಡು ತಿಂಗಳೊಳಗಾಗಿ ಮೊದಲನೆಯ ಕಿರುಪರೀಕ್ಷೆ ನಡೆದು, ೨೦ಕ್ಕೆ ೬ ಅಂಕಗಳು ಬಂದವು. ಸುದ್ದಿ ಹಳ್ಳಿಗೆ ಮುಟ್ಟಿತು. ತಮ್ಮನು ದೂರವಾಣಿಯಲ್ಲಿ, “ಅಣ್ಣಾ, ಅವಳಿಗೆ ಓದು ಹತ್ತೋದಿಲ್ಲ. ದಸರಾಕ್ಕೆ ಬಂದಾಗ ಇಲ್ಲೇ ಉಳಿಸಿಕೊಳ್ತೀನಿ. ಉಡುಪಿನ ಕಾರ್ಖಾನೆಗೆ ಹೆಣ್ಣುಮಕ್ಕಳನ್ನ ಕರೀತಾ ಇದ್ದಾರೆ,” ಎಂದನು. ಅವನಿಗೆ ಆ ವೇಳೆಯಲ್ಲಿ ಹಣದ ಮುಗ್ಗಟ್ಟು ಇದ್ದಿತೆಂಬುದನ್ನು ನಾವು ಬಲ್ಲೆವು. ಅದಕ್ಕೆ ನಾವೂ ಒಂದು ಕಾರಣವಾಗಿದ್ದೆವು. ಆ ಮಾತನ್ನು ಮುಂದೆ ಹೇಳುವೆವು.

ಆ ರಾತ್ರಿ ಹುಡುಗಿಯು ಉತ್ತರಪತ್ರಿಕೆಯನ್ನು ತಂದು ನಮ್ಮ ಮುಂದಿಟ್ಟಳು. ಸರಕಿನ ಬೆಲೆ ಇಳಿದರೆ ಅದರ ಬೇಡಿಕೆಯ ರೇಖೆಗೆ ಏನಾಗುತ್ತದೆಂಬುದು ಪ್ರಶ್ನೆ. ಬೇಡಿಕೆ ಹೆಚ್ಚುವುದರಿಂದ ರೇಖೆಯು ಬಲಕ್ಕೆ ಸರಿಯುವುದೆಂದು ಆಕೆ ಬರೆದಿದ್ದಳು. ಅದರ ಮೇಲೆ ಅಧ್ಯಾಪಕರು ಕೆಂಪು ಗೀಟು ಎಳೆದಿದ್ದರು.

“ಬೆಲೆ ಇಳಿದರೆ ಜನ ಹೆಚ್ಚು ಕೊಳ್ಳುವುದಿಲ್ಲವೆ, ದೊಡ್ಡಪ್ಪ? ನಾನು ಬರೆದದ್ದು ತಪ್ಪು ಹೇಗಾಯಿತು?” ಎಂದು ಕೇಳಿದಳು.

ನಮಗೂ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಹೇಳುವುದಕ್ಕೆ ಮೇಷ್ಟರ ಅಭಿಮಾನ ಬಿಡಲಿಲ್ಲ. “ಪುಸ್ತಕ ಕೊಡು, ನೋಡೋಣ,” ಎಂದೆವು. ಅಂದಿನಿಂದ ದಸರಾ ರಜೆಯವರೆಗೆ, ಸುಮಾರು ಮೂರು ವಾರ, ಸಂಜೆಯ ದೀಪ ಹಚ್ಚಿದ ಮೇಲೆ ದೊಡ್ಡಪ್ಪನೂ ಮಗಳೂ ಒಂದೇ ಪುಸ್ತಕವನ್ನು ಓದಿದೆವು.

ಎರಡನೆಯ ದಿನವೇ ಕೆಂಪು ಗೀಟಿನ ಅರ್ಥ ಹೊಳೆಯಿತು. ಹೊಳೆಯಿಸಿದ್ದು ನಮ್ಮ ಹಳೆಯ ಶಬ್ದರೂಪಾವಳಿ. ರಾಮ ಶಬ್ದಕ್ಕೆ ಎಂಟು ಸಾಲು, ಮೂರು ವಚನ, ಒಟ್ಟು ೨೪ ರೂಪಗಳುಂಟಷ್ಟೆ. ‘ರಾಮೇಣ’ ಎಂಬುದು ಆ ಪಟ್ಟಿಯಲ್ಲಿನ ಒಂದು ರೂಪ ಮಾತ್ರ. ಪಟ್ಟಿಯೆಲ್ಲವೂ ಸೇರಿದರೆ ರಾಮ ಶಬ್ದ. ಪ್ರಥಮಾ ವಿಭಕ್ತಿಯಿಂದ ತೃತೀಯೆಗೆ ಬಂದ ಮಾತ್ರಕ್ಕೆ ಶಬ್ದವು ಬದಲಾಯಿತೆನ್ನಲಾಗುವುದೆ? ಅರ್ಥಶಾಸ್ತ್ರಜ್ಞರು ಬೇಡಿಕೆ ಎನ್ನುವುದೂ ಇಂಥದೊಂದು ಪಟ್ಟಿಯನ್ನೇ. ಬೆಲೆ ೧೦ ರೂಪಾಯಿ ಇದ್ದರೆ ಇಷ್ಟು ಕೊಳ್ಳುವರು, ೨೦ ಇದ್ದರೆ ಇಷ್ಟು, ೩೦ ಇದ್ದರೆ ಇಷ್ಟು ಎಂಬ ಸಮಗ್ರ ಪಟ್ಟಿಯೇ ಬೇಡಿಕೆ. ಅದನ್ನು ಗೆರೆಯಾಗಿ ಎಳೆದರೆ ಬೇಡಿಕೆಯ ರೇಖೆ. ಒಂದು ನಿರ್ದಿಷ್ಟ ಬೆಲೆಗೆ ಎಷ್ಟು ಕೊಳ್ಳುವರೋ ಅದು ಬೇಡಿಕೆಯ ಪ್ರಮಾಣ, ಎಂದರೆ ಪಟ್ಟಿಯಲ್ಲಿನ ಒಂದು ರೂಪ. ಬೆಲೆ ಇಳಿದಾಗ ನಾವು ಅದೇ ಪಟ್ಟಿಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವೆವು. ರೇಖೆ ಇದ್ದಲ್ಲಿಯೇ ಇರುವುದು. ಜನರ ಆದಾಯವೋ ರುಚಿಯೋ ಇತರ ಸರಕುಗಳ ಬೆಲೆಯೋ ಬದಲಾದಾಗ ಮಾತ್ರ ಪಟ್ಟಿಯೇ ಬದಲಾಗುವುದು. ಆಗ ನಾವು ರಾಮ ಶಬ್ದವನ್ನು ಮುಚ್ಚಿ ಹರಿ ಶಬ್ದವನ್ನು ತೆರೆದಂತೆ.

ಇದನ್ನು ಕೇಳಿ ಹುಡುಗಿಯು ನಕ್ಕಳು. ಪರೀಕ್ಷೆಯ ದಿನದಿಂದ ಆಕೆ ನಕ್ಕಿದ್ದನ್ನು ನಾವು ಕಂಡಿರಲಿಲ್ಲ. ಆಮೇಲೆ ಆಕೆಯೇ ಒಂದು ಉದಾಹರಣೆಯನ್ನು ಪುಸ್ತಕದಿಂದ ಹುಡುಕಿ ತೆಗೆದಳು. ೧೯೭೫ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಬ್ರೆಜಿಲ್ ದೇಶದ ಪರಾನಾ ಪ್ರಾಂತದಲ್ಲಿ ಭಯಂಕರವಾದ ಇಬ್ಬನಿಗಡ್ಡೆ ಬಿದ್ದು ಕಾಫಿಯ ತೋಟಗಳು ಸುಟ್ಟುಹೋದವು. ಮುಂದಿನ ಎರಡು ವರ್ಷ ಜಗತ್ತಿನಲ್ಲೆಲ್ಲ ಕಾಫಿಯ ಬೆಲೆ ಏರಿತು. ಇಲ್ಲಿ ಸರಿದದ್ದು ಪೂರೈಕೆಯ ರೇಖೆ. ಕಾಫಿಯನ್ನು ಕುಡಿಯುವವರ ಆಸೆ ಬದಲಾಗಲಿಲ್ಲ. ಅವರು ತಮ್ಮ ಹಳೆಯ ಬೇಡಿಕೆಯ ರೇಖೆಯ ಮೇಲೆಯೇ ಹಿಂದಕ್ಕೆ ಜರುಗಿ ಕಡಿಮೆ ಕೊಂಡರು. ಆದರೆ ಕಾಫಿ ತುಟ್ಟಿಯಾದುದರಿಂದ ಕೆಲವರು ಚಹದ ಕಡೆಗೆ ತಿರುಗಿದರೆ, ಚಹದ ಬೇಡಿಕೆಯ ರೇಖೆ ಬಲಕ್ಕೆ ಸರಿಯುವುದು. ಒಂದೇ ಮಂಜಿನಿಂದ ಮೂರು ಬೇರೆ ಬೇರೆ ಚಲನೆಗಳು! ಇವನ್ನು ಬಿಡಿಸಿ ಹೇಳಬಲ್ಲ ವಿದ್ಯಾರ್ಥಿಗೆ ಈ ಶಾಸ್ತ್ರದ ಮೊದಲ ಬಾಗಿಲು ತೆರೆಯಿತೆಂದೇ ತಿಳಿಯಬಹುದು.

ಇನ್ನೊಂದು ತೊಡಕೂ ಇದ್ದಿತು. ಗಣಿತದಲ್ಲಿ ಕಾರಣವನ್ನು ಅಡ್ಡಗೆರೆಯ ಮೇಲೂ ಕಾರ್ಯವನ್ನು ನೆಟ್ಟಗೆರೆಯ ಮೇಲೂ ಗುರುತಿಸುವುದು ವಾಡಿಕೆ. ಇಲ್ಲಿಯಾದರೋ ಬೆಲೆಯು ಕಾರಣವಾಗಿದ್ದರೂ ನೆಟ್ಟಗೆರೆಯ ಮೇಲೆ ಕುಳಿತಿರುವುದು. ಕೇಂಬ್ರಿಜ್ಜಿನ ಆಲ್ಫ್ರೆಡ್ ಮಾರ್ಷಲ್ಲನು ೧೮೯೦ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಹೀಗೆಯೇ ಬರೆದನು. ಲೋಕವೆಲ್ಲ ಅದನ್ನೇ ಅನುಸರಿಸಿತು. ರೂಢಿಯು ಯೋಗಕ್ಕಿಂತ ಬಲವತ್ತರವೆಂಬುದು ನಮ್ಮ ಶಾಸ್ತ್ರಕಾರರಿಗೂ ಸಮ್ಮತವೇ. ಇದು ಬರಿಯ ರೂಢಿಯೆಂದು ಮೊದಲೇ ಹೇಳಿದ್ದರೆ ಎಷ್ಟು ಮಕ್ಕಳ ತಲೆನೋವು ತಪ್ಪುತ್ತಿತ್ತೋ!

ಮೂರನೆಯ ದಿನ ನಮ್ಮ ಸಂಸ್ಕೃತಾಭಿಮಾನ ತಲೆಯೆತ್ತಿತು. “ಇದೆಲ್ಲ ನಮ್ಮ ಕೌಟಿಲ್ಯನಲ್ಲಿಯೇ ಇದೆ,” ಎಂದೆವು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೫ರಲ್ಲಿ ಓಲೆಗರಿಯ ಪ್ರತಿಯೊಂದರಲ್ಲಿ ಅರ್ಥಶಾಸ್ತ್ರವನ್ನು ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದ ಕಥೆಯನ್ನು ಆಕೆಗೆ ಹೇಳಿದೆವು. ಸ್ವದೇಶದ ಸರಕಿನ ಮೇಲೆ ವರ್ತಕನಿಗೆ ಶೇಕಡಾ ೫ರಷ್ಟೂ ಪರದೇಶದ ಸರಕಿನ ಮೇಲೆ ಶೇಕಡಾ ೧೦ರಷ್ಟೂ ಲಾಭವನ್ನು ಕೌಟಿಲ್ಯನು ಗೊತ್ತುಮಾಡಿದ್ದನ್ನೂ ತೋರಿಸಿದೆವು. ಹುಡುಗಿಯು ಶ್ರದ್ಧೆಯಿಂದ ಕೇಳಿ, “ದೊಡ್ಡಪ್ಪ, ಬೆಲೆ ಎಷ್ಟಿರಬೇಕು ಅಂತ ರಾಜ ಹೇಳೋದು ಇದು. ಯಾರೂ ಹೇಳದೆ ಇದ್ದಾಗ ಬೆಲೆ ಹೇಗೆ ನಿಲ್ಲುತ್ತೆ ಅನ್ನೋದು ನಮ್ಮ ಪುಸ್ತಕದ ಪ್ರಶ್ನೆ,” ಎಂದಳು. ನಾವು ನಿರುತ್ತರರಾದೆವು. ಕೌಟಿಲ್ಯನದು ರಾಜ್ಯವನ್ನು ಆಳುವವನ ಶಾಸ್ತ್ರ. ಇದು ಸಂತೆಯಲ್ಲಿ ನಿಂತವನ ಶಾಸ್ತ್ರ. ಹೆಸರು ಒಂದಾದರೂ ವಿಷಯ ಭಿನ್ನ. ೬ ಅಂಕಗಳನ್ನು ಪಡೆದವಳು ಈ ಭೇದವನ್ನು ಒಂದೇ ವಾಕ್ಯದಲ್ಲಿ ಹೇಳಿದುದನ್ನು ಕೇಳಿ, ಆಕೆಗೆ ಓದು ಹತ್ತುವುದಿಲ್ಲವೆಂಬ ಮಾತು ಸುಳ್ಳೆಂದು ನಮಗೆ ಅಂದೇ ಖಚಿತವಾಯಿತು.

ನೀರು ಮತ್ತು ವಜ್ರದ ಒಗಟು ನಮ್ಮ ಮನೆಯವರಿಗೂ ರುಚಿಸಿತು. ನೀರಿಲ್ಲದೆ ಬದುಕಿಲ್ಲ, ಆದರೂ ನೀರು ಅಗ್ಗ. ವಜ್ರವಿಲ್ಲದೆ ಯಾರೂ ಸಾಯರು. ಆದರೂ ವಜ್ರ ತುಟ್ಟಿ. ಗ್ಲಾಸ್ಗೋ ನಗರದಲ್ಲಿ ನೀತಿಶಾಸ್ತ್ರದ ಅಧ್ಯಾಪಕನಾಗಿದ್ದ ಆಡಂ ಸ್ಮಿತ್ತನು ೧೭೭೬ರ ತನ್ನ ಗ್ರಂಥದಲ್ಲಿ ಈ ವೈಷಮ್ಯವನ್ನು ಎತ್ತಿ ಹೇಳಿದನು. ಸಮಾಧಾನ ದೊರೆಯಲು ಸುಮಾರು ನೂರು ವರ್ಷ ಹಿಡಿಯಿತು. ೧೮೭೧ರಲ್ಲಿ ಇಂಗ್ಲೆಂಡಿನ ಜೆವನ್ಸನೂ ವಿಯೆನ್ನಾ ನಗರದ ಮೆಂಗರನೂ, ೧೮೭೪ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿದ್ದ ವಾಲ್ರಾಸನೂ ಪ್ರತ್ಯೇಕ ಪ್ರತ್ಯೇಕವಾಗಿ ಒಂದೇ ಉತ್ತರಕ್ಕೆ ಬಂದರು. ನೀರೆಲ್ಲದರ ಬೆಲೆಯೆಷ್ಟು ಎಂದು ಯಾರೂ ಕೇಳುವುದಿಲ್ಲ. ಇನ್ನೊಂದು ಕೊಡ ನೀರಿನ ಬೆಲೆಯೆಷ್ಟು ಎಂದೇ ಕೇಳುವರು. ಮೊದಲನೆಯ ಕೊಡ ಪ್ರಾಣ ಉಳಿಸುವುದು, ಎರಡನೆಯದು ಅಡಿಗೆಗೆ, ಮೂರನೆಯದು ಸ್ನಾನಕ್ಕೆ, ಹತ್ತನೆಯದು ಅಂಗಳಕ್ಕೆ. ಬೆಲೆಯನ್ನು ಗೊತ್ತುಮಾಡುವುದು ಈ ಅಂಚಿನ ಕೊಡ. ಇದನ್ನೇ ಸೀಮಾಂತ ತುಷ್ಟಿಗುಣವೆನ್ನುವರು. ಬೇಸಗೆಯಲ್ಲಿ ಟ್ಯಾಂಕರಿಗಾಗಿ ಕಾದು ನಿಂತ ನಮ್ಮ ಸೀಮೆಯ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಅಂಚು ಮೊದಲನೆಯ ಕೊಡದ ಹತ್ತಿರಕ್ಕೆ ಬಂದಾಗ ನೀರೂ ವಜ್ರವಾಗುವುದು.

“ಯಾರ ಸೀಮಂತ?” ಎಂದು ಒಳಗಿನಿಂದ ಮನೆಯವರು ಕೇಳಿದರು. ಸೀಮಾ ಎಂಬುದಕ್ಕೆ ಅಂತ ಸೇರಿದರೆ ಎಲ್ಲೆಡೆಯೂ ಸೀಮಾಂತವೇ. ತಲೆಗೂದಲ ಬೈತಲೆಯ ಅರ್ಥದಲ್ಲಿ ಮಾತ್ರ ಸೀಮಂತವೆಂದಾಗುವುದೆಂದು ನಾವು ವ್ಯಾಕರಣ ಹೇಳಹೊರಟೆವು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು.

ಇನ್ನು ನಮ್ಮ ತಪ್ಪಿನ ಮಾತಿಗೆ ಬರೋಣ. ೨೦೨೩ರ ಜುಲೈ ತಿಂಗಳಿನಲ್ಲಿ ಟೊಮೇಟೊ ಹಣ್ಣಿನ ಬೆಲೆ ನಾಡಿನ ಅನೇಕ ಪಟ್ಟಣಗಳಲ್ಲಿ ಕಿಲೋಗ್ರಾಮಿಗೆ ೧೦೦ ರೂಪಾಯಿಗಳನ್ನು ಮೀರಿದುದು ವಾಚಕರಿಗೆ ನೆನಪಿರಬಹುದು. ಕೋಲಾರದ ಮಾರುಕಟ್ಟೆಯಲ್ಲಿ ೧೫ ಕಿಲೋಗ್ರಾಮಿನ ಕ್ರೇಟು ೨,೦೦೦ ರೂಪಾಯಿಗಳನ್ನು ದಾಟಿದ ದಿನಗಳೂ ಇದ್ದವು. ಆಗ ತಮ್ಮನು ಒಂದು ಎಕರೆಗೆ ಸಸಿ ನಾಟಿಮಾಡುವ ಯೋಚನೆಯಲ್ಲಿ ನಮ್ಮ ಸಲಹೆ ಕೇಳಿದನು. “ಬೆಲೆ ಹೀಗಿರುವಾಗ ಯೋಚನೆ ಏತಕ್ಕೆ? ನೆಡು,” ಎಂದು ನಾವೇ ಹೇಳಿ, ನಿವೃತ್ತಿಯ ಹಣದಲ್ಲಿ ಒಂದು ಲಕ್ಷ ರೂಪಾಯಿಗಳನ್ನು ಕೊಟ್ಟೆವು. ಸಸಿ, ಗೊಬ್ಬರ, ಔಷಧಿ, ಆಸರೆಯ ಕಡ್ಡಿ, ಕೂಲಿ ಎಲ್ಲ ಸೇರಿ ೧,೬೦,೦೦೦ ರೂಪಾಯಿಗಳು ಹೊಲಕ್ಕೆ ಬಿದ್ದವು. ಸಪ್ಟೆಂಬರಿನಲ್ಲಿ ಕಾಯಿ ಕೀಳುವ ವೇಳೆಗೆ ಬೆಲೆ ನೆಲಕ್ಕೆ ಇಳಿದಿತ್ತು.

ಹೀಗೇಕಾಯಿತೆಂಬುದು ಪುಸ್ತಕದ ಐದನೆಯ ಅಧ್ಯಾಯವನ್ನು ಓದುವಾಗ ನಮಗೆ ತಿಳಿಯಿತು. ಟೊಮೇಟೊ ಅಗ್ಗವಾಯಿತೆಂದು ಯಾರೂ ಸಾರಿಗೆ ಮೂರು ಪಟ್ಟು ಹಣ್ಣು ಹಾಕುವುದಿಲ್ಲ. ತುಟ್ಟಿಯಾಯಿತೆಂದು ಪೂರ್ತಿ ಬಿಡುವುದೂ ಇಲ್ಲ. ಇಂಥ ಬೇಡಿಕೆಗೆ ಸ್ಥಿತಿಸ್ಥಾಪಕತ್ವ ಕಡಿಮೆಯೆಂದು ಹೇಳುವರು. ಆದುದರಿಂದ ಪೂರೈಕೆಯಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಬೆಲೆಯಲ್ಲಿ ಬಹಳ ವ್ಯತ್ಯಾಸವಾಗುವುದು. ಗ್ರೆಗರಿ ಕಿಂಗ್ ಎಂಬವನ ಹೆಸರಿನಲ್ಲಿ ಪ್ರಸಿದ್ಧವಾಗಿ, ಚಾರ್ಲ್ಸ್ ಡಾವೆನೆಂಟನು ೧೬೯೯ರಲ್ಲಿಯೇ ಇಂಗ್ಲೆಂಡಿನಲ್ಲಿ ಪ್ರಕಟಿಸಿದ ಲೆಕ್ಕವೊಂದುಂಟು: ಧಾನ್ಯದ ಬೆಳೆ ಹತ್ತರಲ್ಲೊಂದು ಪಾಲು ಕಡಿಮೆಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುವುದು, ಎರಡು ಪಾಲು ಕಡಿಮೆಯಾದರೆ ಎಂಟು ಪಾಲು ಏರುವುದು. ಬೆಳೆ ಹೆಚ್ಚಾದಾಗ ಇದೇ ಲೆಕ್ಕ ತಿರುಗುಮುರುಗು. ನೂರು ಕ್ರೇಟು ಇದ್ದಾಗ ತಲಾ ೨೦೦ರಂತೆ ೨೦,೦೦೦ ರೂಪಾಯಿ ಬರುತ್ತಿತ್ತೆಂದಿಟ್ಟುಕೊಳ್ಳಿರಿ. ನೂರಿಪ್ಪತ್ತು ಕ್ರೇಟು ಬಂದು ಬೆಲೆ ೧೨೦ಕ್ಕೆ ಇಳಿದರೆ ಬರುವುದು ೧೪,೪೦೦ ಮಾತ್ರ. ಭೂಮಿತಾಯಿ ಹೆಚ್ಚು ಕೊಟ್ಟ ವರ್ಷವೇ ರೈತನ ಕೈ ಬರಿದಾಗುವ ವಿಪರೀತಕ್ಕೆ ಇದೇ ಮೂಲ.

ಅಷ್ಟೇ ಅಲ್ಲ. ರೈತನು ಇಂದಿನ ಬೆಲೆಯನ್ನು ನೋಡಿ ನೆಡುವನು. ಮಾರುವುದು ಮೂರು ತಿಂಗಳ ನಂತರದ ಬೆಲೆಗೆ. ಜುಲೈ ತಿಂಗಳಿನ ಬೆಲೆಯನ್ನು ನಮ್ಮ ತಮ್ಮನೊಬ್ಬನೇ ನೋಡಿದನೆ? ಸಾವಿರಾರು ತಮ್ಮಂದಿರು ನೋಡಿದರು. ಸಾವಿರಾರು ಅಣ್ಣಂದಿರು “ನೆಡು” ಎಂದರು. ಎಲ್ಲರ ಫಸಲೂ ಒಟ್ಟಿಗೆ ಬಂದು ಬೆಲೆ ಬಿದ್ದಿತು. ಈ ಬೆಲೆಯನ್ನು ಕಂಡು ಎಲ್ಲರೂ ಕೈಬಿಟ್ಟರೆ ಮತ್ತೆ ಏರುವುದು. ಈ ಸುತ್ತನ್ನು ಕಾಗದದ ಮೇಲೆ ಬರೆದರೆ ಜೇಡನ ಬಲೆಯಂತೆ ಕಾಣುವುದರಿಂದ, ನಿಕೊಲಾಸ್ ಕಾಲ್ಡಾರನು ೧೯೩೪ರಲ್ಲಿ ಇದಕ್ಕೆ ಆ ಹೆಸರನ್ನೇ ಇಟ್ಟನು. ಆ ಚಿತ್ರವನ್ನು ಹುಡುಗಿಯು ಬರೆದು ತೋರಿಸಿದಾಗ ನಮಗೆ ಮಾತು ಹೊರಡಲಿಲ್ಲ. ಬಲೆಯೊಳಕ್ಕೆ ತಮ್ಮನನ್ನು ನೂಕಿದ ಕೈ ನಮ್ಮದೇ ಆಗಿತ್ತು.

ದಸರಾ ರಜೆಗೆ ಮೂವರೂ ಹಳ್ಳಿಗೆ ಹೋದೆವು. ತಮ್ಮನು ಹೊಲದ ಬದುವಿನ ಮೇಲೆ ಕುಳಿತಿದ್ದನು. ಮಳೆಗೆ ಸಿಕ್ಕಿ ಚುಕ್ಕೆ ಬಿದ್ದ ಅವನ ಹಣ್ಣಿಗೆ ಹರಾಜಿನಲ್ಲಿ ಕ್ರೇಟಿಗೆ ೮೦ ರೂಪಾಯಿ ಬಂದಿತ್ತು. ಸುಮಾರು ೪೦೦ ಕ್ರೇಟು ಹಣ್ಣು ಇನ್ನೂ ಗಿಡದ ಮೇಲಿದ್ದಿತು. ಒಟ್ಟು ೧,೬೦೦ ಕ್ರೇಟಿನ ಬೆಳೆಗೆ ೧,೬೦,೦೦೦ ಖರ್ಚು. ತಲಾ ೧೦೦ ಆಯಿತು. ಕೀಳುವ ಕೂಲಿ, ಸಾಗಣೆ, ಮಂಡಿಯ ಕಮಿಷನ್ ಸೇರಿ ಕ್ರೇಟಿಗೆ ಮತ್ತೆ ೬೫. “ಒಂದೊಂದು ಕ್ರೇಟಿಗೆ ೧೬೫ ಬಿದ್ದಿದೆ. ೮೦ಕ್ಕೆ ಮಾರಿದರೆ ೮೫ ಕೈಯಿಂದ ಹೋಗುತ್ತೆ. ಕೀಳೋದೇ ಬೇಡ, ನಾಳೆ ಕುರಿ ಬಿಟ್ಟುಬಿಡ್ತೀನಿ,” ಎಂದು ತಮ್ಮನು ಹೇಳಿದನು. ನಮಗೂ ಅದು ಸರಿಯೆಂದೇ ತೋರಿತು.

ಹುಡುಗಿಯು ಮೆಲ್ಲಗೆ, “ಅಪ್ಪಾ, ಆ ನೂರು ರೂಪಾಯಿ ಹೋಗಿಯಾಯಿತು. ಕಿತ್ತರೂ ಬರೋದಿಲ್ಲ, ಕೀಳದಿದ್ದರೂ ಬರೋದಿಲ್ಲ. ಈಗ ಹೊಸದಾಗಿ ಹೋಗೋದು ೬೫, ಬರೋದು ೮೦. ಕ್ರೇಟಿಗೆ ೧೫ ಉಳಿಯುತ್ತೆ. ೪೦೦ ಕ್ರೇಟಿಗೆ ೬,೦೦೦ ಆಯಿತು. ಬೆಲೆ ೬೫ಕ್ಕಿಂತ ಕೆಳಗೆ ಬಂದರೆ ಆಗ ಕುರಿ ಬಿಡೋಣ,” ಎಂದಳು.

ತಮ್ಮನು ನೆಲದ ಮೇಲೆ ಕಡ್ಡಿಯಿಂದ ಲೆಕ್ಕವನ್ನು ಎರಡು ಸಲ ಬರೆದು ನೋಡಿದನು. ಬೆಳಗ್ಗೆ ಆಳುಗಳನ್ನು ಕರೆದನು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ರಾತ್ರಿ ಊಟವಾದ ಮೇಲೆ ತಮ್ಮನು, ಹೋದ ಹಣವನ್ನು ಹೋದಲ್ಲಿಯೇ ಹುಡುಕಬೇಕೆಂದೂ, ಸಾಲ ತಂದಾದರೂ ಇನ್ನೊಂದು ಎಕರೆ ಟೊಮೇಟೊ ಹಾಕುವೆನೆಂದೂ ಹೇಳಿದನು. ಮಗಳು ಮತ್ತೆ ಅದೇ ನ್ಯಾಯವನ್ನು ಹೇಳಿದಳು: ಹೋದದ್ದು ಹೋಯಿತು, ಮುಂದಿನ ಬೆಳೆಯನ್ನು ಮುಂದಿನ ಖರ್ಚಿಗೂ ಮುಂದಿನ ಬೆಲೆಗೂ ಹೋಲಿಸಿ ಗೊತ್ತುಮಾಡಬೇಕು, ಹಿಂದಿನ ನಷ್ಟವನ್ನು ಆ ಲೆಕ್ಕದೊಳಗೆ ಸೇರಿಸಬಾರದು. ಇದಕ್ಕೆ ಮುಳುಗಿದ ವೆಚ್ಚದ ನಿಯಮವೆಂದು ಹೆಸರು.

ತಮ್ಮನು ಬುದ್ಧಿವಂತ. ಒಡನೆಯೇ, “ಹಾಗಾದರೆ ನಿನ್ನ ಕಾಲೇಜಿಗೆ ಕಟ್ಟಿದ ಹಣವೂ ಮುಳುಗಿದ್ದೇ ತಾನೆ? ಕಟ್ಟಿದ್ದೇವೆ ಅನ್ನೋದಕ್ಕೋಸ್ಕರ ಮುಂದುವರಿಸಬೇಕಾದ್ದಿಲ್ಲ. ಮುಂದಿನ ಲೆಕ್ಕ ಹೇಳು,” ಎಂದನು.

ನಾವು ಬಾಯಿ ಹಾಕಬೇಕೆಂದಿದ್ದೆವು. ಸರ್ಕಾರಿ ಕಾಲೇಜಿನ ಶುಲ್ಕ ಅಲ್ಪವೆಂದೂ ಅದನ್ನು ನಾವೇ ಕೊಡುವೆವೆಂದೂ ಹೇಳಿ ಮಾತನ್ನು ಮುಗಿಸುವುದು ನಮ್ಮ ಯೋಚನೆ. ಅಷ್ಟರಲ್ಲಿ ಹುಡುಗಿಯೇ ಉತ್ತರ ಕೊಟ್ಟಳು. ಆಕೆಯ ಕಣ್ಣಿನಲ್ಲಿ ನೀರಿದ್ದಿತು. ಧ್ವನಿ ಮಾತ್ರ ಸ್ಥಿರವಾಗಿದ್ದಿತು. “ಶುಲ್ಕ ಲೆಕ್ಕವೇ ಅಲ್ಲ, ಅಪ್ಪಾ. ಕಾರ್ಖಾನೆಯಲ್ಲಿ ತಿಂಗಳಿಗೆ ೯,೦೦೦ ಕೊಡ್ತಾರೆ. ನಾನು ಓದೋದರಿಂದ ಅದು ಹೋಗುತ್ತೆ. ಇನ್ನು ೩೦ ತಿಂಗಳಿಗೆ ೨,೭೦,೦೦೦ ಆಗುತ್ತೆ. ಅದೇ ನನ್ನ ಓದಿನ ನಿಜವಾದ ಬೆಲೆ. ಪುಸ್ತಕದಲ್ಲಿ ಅವಕಾಶ ವೆಚ್ಚ ಅಂತಾರೆ. ಓದಿದ ಮೇಲೆ ಎಷ್ಟು ಬರುತ್ತೆ ಅಂತ ನಾನು ಹೇಳಲಾರೆ. ನನಗೆ ಓದಬೇಕು ಅಂತ ಆಸೆ ಇದೆ. ಆದರೆ ಲೆಕ್ಕ ಕೇಳಿದರೆ ಲೆಕ್ಕ ಇದು.”

ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ತಮ್ಮನು ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, ನಮ್ಮ ಕಡೆಗೆ ತಿರುಗಿ ಹೇಳಿದನು: “ಮೂವತ್ತು ವರ್ಷದಿಂದ ಮಂಡಿಗೆ ಹೋಗ್ತಿದ್ದೀನಿ, ಅಣ್ಣಾ. ತನಗೇ ನಷ್ಟವಾಗೋ ಲೆಕ್ಕವನ್ನ ಬಾಯಿಬಿಟ್ಟು ಹೇಳಿದೋರನ್ನ ಇವತ್ತೇ ನೋಡಿದ್ದು. ಓದಲಿ ಬಿಡು.”

ರಜೆ ಮುಗಿದ ದಿನ ಅವನೇ ಬಸ್ಸಿನ ತನಕ ಬಂದು, ಹಣ್ಣು ಮಾರಿ ಉಳಿದ ಹಣದಲ್ಲಿ ೨,೦೦೦ ರೂಪಾಯಿಗಳನ್ನು ಮಗಳ ಕೈಗಿತ್ತನು. ಮುಂದಿನ ಸಲ ಅರ್ಧ ಎಕರೆಗೆ ಮಾತ್ರ ಟೊಮೇಟೊ ಹಾಕಿ, ಉಳಿದುದಕ್ಕೆ ರಾಗಿ ಅವರೆ ಬಿತ್ತಿದನು. ನಮ್ಮ ಒಂದು ಲಕ್ಷದ ಮಾತನ್ನು ಅವನು ಎತ್ತಿದಾಗ, ಅದು ನಮ್ಮ ಸಲಹೆಯ ಶುಲ್ಕವೆಂದು ಹೇಳಿ ಸುಮ್ಮನಾದೆವು. ಹುಡುಗಿಯು ಸೆಮಿಸ್ಟರ್ ಪರೀಕ್ಷೆಯಲ್ಲಿ ಆ ಪತ್ರಿಕೆಯನ್ನು ದಾಟಿದಳು. ರೇಖೆ ಸರಿಯುವ ಪ್ರಶ್ನೆ ಮತ್ತೆ ಬಂದಿತ್ತಂತೆ.

ಈ ಶಾಸ್ತ್ರದ ಮಿತಿಯೊಂದನ್ನೂ ಹೇಳದಿದ್ದರೆ ವಿಷಯಕ್ಕೆ ನ್ಯಾಯವಾಗದು. ಬೇಡಿಕೆ ಎಂಬ ಶಬ್ದದಲ್ಲಿ ಬೇಡುವುದು ಇದ್ದರೂ, ಬೇಡುವವರೆಲ್ಲರೂ ಅದರೊಳಗೆ ಬರುವುದಿಲ್ಲ. ಕೊಡಲು ಕೈಯಲ್ಲಿ ಹಣವಿರುವವರ ಬೇಡಿಕೆ ಮಾತ್ರ ರೇಖೆಯ ಮೇಲೆ ಕಾಣುವುದು. ಹಸಿದವನ ಕೈ ಬರಿದಾಗಿದ್ದರೆ ಮಾರುಕಟ್ಟೆಗೆ ಅವನು ಅಗೋಚರ. ೧೯೪೩ರ ಬಂಗಾಳದ ಕ್ಷಾಮದಲ್ಲಿ ಸುಮಾರು ೩೦ ಲಕ್ಷ ಜನ ಮಡಿದರೆಂದು ಅಮರ್ತ್ಯ ಸೇನರ ಅಂದಾಜು. ಆ ವರ್ಷ ಅಲ್ಲಿದ್ದ ಅಕ್ಕಿಯು ೧೯೪೧ರಲ್ಲಿದ್ದುದಕ್ಕಿಂತ ಕಡಿಮೆಯಾಗಿರಲಿಲ್ಲವೆಂದೂ, ಬೆಲೆ ಏರಿದಷ್ಟು ಕೂಲಿ ಏರದುದರಿಂದ ಬಡವರು ಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡರೆಂದೂ ಅವರು ೧೯೮೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದರು. ಬೆಲೆ ಎಲ್ಲಿ ನಿಲ್ಲುವುದೆಂಬುದನ್ನು ಶಾಸ್ತ್ರವು ಹೇಳಬಲ್ಲದು. ಅಲ್ಲಿ ನಿಂತಾಗ ಯಾರ ಮನೆಯಲ್ಲಿ ಒಲೆ ಉರಿಯುವುದಿಲ್ಲವೆಂಬುದನ್ನು ನಾವು ಬೇರೆಯಾಗಿ ಕೇಳಿಕೊಳ್ಳಬೇಕು. ತಮ್ಮನ ಮನೆಯ ಆ ರಾತ್ರಿಯ ತೀರ್ಮಾನವೂ ಲೆಕ್ಕದಿಂದ ಹುಟ್ಟಿದುದಲ್ಲವಷ್ಟೆ. ಆದರೆ ಲೆಕ್ಕವನ್ನು ನೆಟ್ಟಗೆ ಮುಂದಿಟ್ಟ ಮೇಲೆಯೇ ಅದು ಸಾಧ್ಯವಾಯಿತು.

ಕಾಲೇಜಿನಲ್ಲಿ ಈ ವಿಷಯವನ್ನು ಓದಹೊರಟ ಮಕ್ಕಳಿಗೆ ನಮ್ಮ ಸ್ವಲ್ಪಾನುಭವದಿಂದ ಮೂರು ಮಾತು. ಮೊದಲನೆಯದು, ಲಕ್ಷಣವಾಕ್ಯಗಳನ್ನು ಸೂತ್ರಗಳಂತೆ ತಿಳಿದು ಒಂದೊಂದು ಪದವನ್ನೂ ತೂಗಿರಿ. ಬೇಡಿಕೆಗೂ ಬೇಡಿಕೆಯ ಪ್ರಮಾಣಕ್ಕೂ ಇರುವ ಅಂತರದಲ್ಲಿಯೇ ಅರ್ಧ ಶಾಸ್ತ್ರವಿದೆ. ಎರಡನೆಯದು, ಚಿತ್ರವನ್ನು ಕಣ್ಣಿನಿಂದ ನೋಡಿ ಬಿಡಬೇಡಿರಿ; ಪುಸ್ತಕ ಮುಚ್ಚಿ ಕೈಯಿಂದ ಬರೆಯಿರಿ; ಯಾವ ರೇಖೆ, ಏಕೆ, ಯಾವ ಕಡೆಗೆ ಎಂದು ಬಾಯಿಬಿಟ್ಟು ಹೇಳಿರಿ. ಮೂರನೆಯದು ಮಾರ್ಷಲ್ಲನ ಸಲಹೆ. ಗಣಿತದಲ್ಲಿ ಪಾರಂಗತನಾಗಿದ್ದ ಅವನು ೧೯೦೬ರಲ್ಲಿ ಒಬ್ಬ ಮಿತ್ರನಿಗೆ ಬರೆದ ಕಾಗದದಲ್ಲಿ, ಗಣಿತವನ್ನು ಸಂಕೇತಲಿಪಿಯಂತೆ ಬಳಸಿ, ಬಂದ ಫಲವನ್ನು ಆಡುಮಾತಿಗೆ ತಂದು, ಬದುಕಿನ ಉದಾಹರಣೆಯಿಂದ ವಿವರಿಸಿ, ಆಮೇಲೆ ಗಣಿತವನ್ನು ಸುಟ್ಟುಬಿಡಬೇಕೆಂಬ ಅಭಿಪ್ರಾಯವನ್ನು ಸೂಚಿಸಿದನು. ಉದಾಹರಣೆ ದೊರೆಯದ ಗಣಿತವನ್ನು ನೆಚ್ಚಬಾರದೆಂಬುದೂ ಅವನ ಮತ. ಪರೀಕ್ಷೆಗೆ ಮುಂಚೆ ಸುಡಬಾರದೆಂಬುದು ನಮ್ಮ ಸೇರ್ಪಡೆ.

ತಂದೆತಾಯಿಗಳಿಗೆ ಹೇಳತಕ್ಕದ್ದು ಇಷ್ಟೆ. ಮಗುವು ೨೦ಕ್ಕೆ ೬ ಅಂಕಗಳನ್ನು ತಂದ ದಿನ, ನಿಮಗೆ ತಿಳಿಯದ ವಿಷಯವಾದರೂ ಸರಿಯೆ, ಆ ಪುಸ್ತಕವನ್ನು ತೆಗೆದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿರಿ. ತಿಳಿಯದಿದ್ದರೆ ತಿಳಿಯದೆಂದು ಹೇಳಿರಿ. ನಾವು ಅದನ್ನು ಹೇಳಲು ಎರಡು ದಿನ ತಡಮಾಡಿದೆವು. ಈಗಲೂ ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಯ ಜಗುಲಿಯಲ್ಲಿ ಪುಸ್ತಕ ತೆರೆಯುವುದುಂಟು. ಬೆಳೆಯ ಕಾಲಕ್ಕೆ ಹಳ್ಳಿಯಿಂದ ದೂರವಾಣಿ ಬರುವುದು. ತಮ್ಮನು ನಮ್ಮ ಕ್ಷೇಮವನ್ನು ವಿಚಾರಿಸಿ, “ಸರಿ ಅಣ್ಣಾ, ಮಗೂಗೆ ಕೊಡು, ಒಂದು ಲೆಕ್ಕ ಕೇಳಬೇಕು,” ಎನ್ನುವನು.